ಬೆಲ್ಲ ಮುಟ್ಟದ ಬೀಗರಿಗೆ ನಮ್ಮೂರು ತೋರಿಸಿದ್ದು

ನಿಮ್ಮ ಕಡೆ ನೋಡುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನಿಲ್ಲ ಎಂದು ಕೇಳಬೇಕು. ಜನ ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡು, ಕೊಲ್ಲಾಪುರಕ್ಕೆ ಹೋಗಿ ದೇವಿಗೆ ಕೈ ಮುಗಿದು, ನಡುವಿನ ನಮ್ಮನ್ನು ಬಸ್ಸಿನ ಕಿಟಕಿಯಿಂದ ನೋಡಿ, ಬರೀ ಕಬ್ಬು ಎಂದು ಆಕಳಿಸಿ ನಿದ್ದೆ ಹೋಗುತ್ತಾರೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಅವರಿಗೆ ಬೋರ್ಡಿನ ಮೇಲಿನ ಹೆಸರುಗಳು ಅಷ್ಟೇ. ಯಾರಾದರೂ ಬರುತ್ತೇನೆ ಅಂದರೆ ಸಾಕು, ಒಲೆಯ ಮೇಲಿನ ಹಾಲು ಇಳಿಸಿ ಹೊರಟುಬಿಡುವವಳು ನಾನು. ನಮ್ಮ ಯಜಮಾನರು ಇದಕ್ಕೆ ಹುಚ್ಚು ಅನ್ನುತ್ತಾರೆ, ಆದರೆ ಕಾರು ನಡೆಸುವವರೂ ಅವರೇ.

ಒಮ್ಮೆ ಈ ಹುಚ್ಚಿನ ಮೇಲೆ ನನ್ನ ತಮ್ಮನ ಮದುವೆಯೇ ನಿಂತಿತ್ತು. ಅದನ್ನು ಹೇಳುತ್ತೇನೆ. ಹೇಳುತ್ತಲೇ, ನೀವು ಬಂದರೆ ಎಲ್ಲಿ ಇಳಿಯಬೇಕು, ಏನು ತಿನ್ನಬೇಕು ಎನ್ನುವುದನ್ನೂ ಹೇಳಿಬಿಡುತ್ತೇನೆ, ಕೇಳಿಸಿಕೊಳ್ಳಿ.

ನನ್ನನ್ನು ಕೊಟ್ಟದ್ದು ಚಿಕ್ಕೋಡಿಗೆ. ತವರು ಕಾಗವಾಡದ ಹತ್ತಿರ ಕೃಷ್ಣಾ ಹೊಳೆಯ ದಂಡೆಯ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅವ್ವ ಮತ್ತು ತಮ್ಮ ಇಬ್ಬರೇ. ತಮ್ಮ ಹೊಳೆಯ ಕಡೆ ಕಬ್ಬು, ಮೇಲಿನ ಹೊಲದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಹೊಲವಿದೆ, ನೀರಿದೆ, ದುಡಿಯುವ ಮೈಯಿದೆ, ಆದರೂ ಹುಡುಗ ಒಕ್ಕಲುತನ ಮಾಡುತ್ತಾನೆ ಎಂದ ಕೂಡಲೇ ಹೆಣ್ಣಿನವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅಂಥದರಲ್ಲಿ ಹಾಸನದ ಕಡೆಯ ಒಬ್ಬ ಹುಡುಗಿ, ತೋಟಗಾರಿಕೆ ಓದುತ್ತಿದ್ದವಳು, ಕಾಲೇಜಿನವರ ಜೊತೆ ನಮ್ಮ ದ್ರಾಕ್ಷಿ ತೋಟ ನೋಡಲು ಬಂದಳು. ಬಳ್ಳಿ ಕತ್ತರಿಸುವುದನ್ನು ತಮ್ಮ ತೋರಿಸಿದನಂತೆ, ಆಕೆ ನೋಡಿದಳಂತೆ. ಆಮೇಲೆ ವರ್ಷಗಟ್ಟಲೆ ಇಬ್ಬರೂ ಫೋನಿನಲ್ಲಿ ದ್ರಾಕ್ಷಿಯ ರೋಗಗಳ ಬಗ್ಗೆಯೇ ಮಾತಾಡಿದರಂತೆ. ಯಾರ ಮುಂದೆ ಹೇಳುತ್ತಾರೆ ಈ ಮಾತನ್ನು.

ಹುಡುಗಿ ಒಪ್ಪಿದ್ದಳು. ಜಾತಿ-ಕುಲದ ತಕರಾರು ಇರಲಿಲ್ಲ. ಉಳಿದದ್ದು ಆಕೆಯ ತಾಯಿಯ ಒಪ್ಪಿಗೆ. ಆ ತಾಯಿ ನನಗೆ ಫೋನು ಮಾಡಿ ನೇರವಾಗಿ ಕೇಳಿದರು, "ಎಲ್ಲಾ ಸರಿ ಕಣಮ್ಮ. ಆದ್ರೆ ನಿಮ್ಮ ಕಡೆ ಬರೀ ಮರಾಠಿ ಅಂತಾರೆ. ನಮ್ಮ ಹುಡುಗಿ ಬೆಳಗ್ಗೆಯಿಂದ ಸಂಜೆವರೆಗೂ ಯಾರ ಹತ್ರ ಮಾತಾಡ್ತಾಳೆ? ನಾನೇ ಬಂದು ನೋಡಿ ಹೇಳ್ತೀನಿ."

ತಮ್ಮ ಅವತ್ತೇ ಚಿಕ್ಕೋಡಿಗೆ ಬಂದು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಅಕ್ಕಾ, ಇದು ಆಗಲಿಲ್ಲಂದ್ರ ನನಗ ಮತ್ತೊಂದು ಹುಡುಗಿ ತೋರಸಬ್ಯಾಡ" ಅಂದ. ಅವನು ಇಷ್ಟು ಉದ್ದದ ಮಾತನ್ನು ತನ್ನ ಬಗ್ಗೆ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನೀ ಸುಮ್ಮನಿರು, ನಾನಿದ್ದೇನೆ, ನಮ್ಮ ಕಡೆಯನ್ನು ಆಕೆಗೆ ಹೇಗೆ ತೋರಿಸುತ್ತೇನೆ ನೋಡು ಎಂದು ಅವನಿಗೆ ರೊಟ್ಟಿ ಬಡಿಸಿದೆ.

ಆಮೇಲೆ ಅವ್ವನಿಗೆ ಫೋನು ಮಾಡಿದೆ. ಅವ್ವ ಹುಟ್ಟಿದ್ದು ಹೊಳೆಯ ಆಚೆ, ಮಹಾರಾಷ್ಟ್ರದಲ್ಲಿ. ಮದುವೆಯಾಗಿ ಈಚೆ ಬಂದವಳು. ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ, ಆದರೆ ನಾಲ್ಕು ಮಾತಿಗೆ ಒಂದು ಮರಾಠಿ, ಸಿಟ್ಟು ಬಂದರೆ ನಾಲ್ಕಕ್ಕೆ ನಾಲ್ಕೂ ಮರಾಠಿ.

"ಅವ್ವಾ, ಬೀಗರು ಇರೂತನಕ ನಿನ್ನ ಮರಾಠಿ ಹೊರಗ ತಗೀಬ್ಯಾಡ" ಅಂದೆ.

"ಮತ್ತ ಅದು ತನ್ನಷ್ಟಕ್ಕ ಬಂದ್ರ?"

"ಬಾಯಿ ಮುಚ್ಚಿಕೋ."

"ಹಂಗಂದ್ರ ಮಾತ ಆಡೂದಿಲ್ಲ ಬಿಡು" ಎಂದು ಅವ್ವ ಫೋನಿಟ್ಟಳು. ನನಗೆ ಸಮಾಧಾನವಾಯಿತು.

ಸಂಕ್ರಾಂತಿ ಮುಗಿದ ವಾರ ಅವರು ಬಂದರು. ಹುಡುಗಿಯ ತಾಯಿ, ಜೊತೆಗೆ ಹುಡುಗಿಯ ಸೋದರಮಾವ. ನೀವು ಬರುವುದಾದರೂ ಆ ದಿನಗಳಲ್ಲೇ ಬನ್ನಿ. ಚಳಿ ಹಿತವಾಗಿರುತ್ತದೆ, ಕಬ್ಬಿನ ಹಂಗಾಮು ಜೋರಿರುತ್ತದೆ, ದ್ರಾಕ್ಷಿಗೆ ಸಿಹಿ ಇಳಿಯುತ್ತಿರುತ್ತದೆ. ಬೆಂಗಳೂರಿನಿಂದ ಕೊಲ್ಲಾಪುರಕ್ಕೆ ಹೋಗುವ ಬಸ್ಸು ಹತ್ತಿ ಬೆಳಕು ಹರಿಯುವಾಗ ನಿಪ್ಪಾಣಿಯಲ್ಲಿ ಇಳಿಯಿರಿ. ಕಣ್ಣು ಹತ್ತಿ ಕೊಗನೊಳ್ಳಿ ದಾಟಿದಿರೋ, ರಾಜ್ಯವೇ ದಾಟಿದಿರಿ. ಇಳಿದ ಕೂಡಲೇ ಮೂಗಿಗೆ ತಂಬಾಕಿನ ವಾಸನೆ ಬಡಿಯುತ್ತದೆ, ಒಂದೆರಡು ಸೀನು ಬರುತ್ತದೆ, ಹೆದರಬೇಡಿ. ಹುಡುಗಿಯ ಸೋದರಮಾವನವರು ಸೀನುತ್ತಲೇ ಇಳಿದರು. ನಾನು ಅವರಿಗೆ ತಂಬಾಕು ತುಂಬಿಡುವ ಹಳೇ ವಖಾರಿಗಳ ಎತ್ತರದ ಗೋಡೆಗಳನ್ನು ತೋರಿಸಿದೆ, ಬಿಸಿ ವಡಾಪಾವ್ ಕೊಡಿಸಿದೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆದರೆ ಚಹಾದವನಿಗೆ ನಾನು ಎಷ್ಟು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದರೂ ಅವನು ಅಷ್ಟೇ ಗಟ್ಟಿಯಾಗಿ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ. ಯಾವಾಗಲೂ ಮರಾಠಿಯಲ್ಲೇ ಕೇಳುವ ಗಿರಾಕಿ ಇವತ್ತು ಯಾಕೆ ಹೀಗೆ ಮಾತಾಡುತ್ತಾಳೆ ಎಂದು ಅವನಿಗೆ ದಿಗಿಲಾಗಿರಬೇಕು.

ಹುಡುಗಿಯ ತಾಯಿ ಅಂಗಡಿಗಳ ಮರಾಠಿ ಬೋರ್ಡುಗಳನ್ನೇ ಓದಲು ಪ್ರಯತ್ನಿಸುತ್ತಿದ್ದರು. ನಾನು "ಬರ್ರಿ ಅಕ್ಕಾರ, ಹೊತ್ತಾತು" ಎಂದು ಕಾರಿನೊಳಗೆ ಕೂಡಿಸಿದೆ.

ಅಲ್ಲಿಂದ ತವನಿಧಿ. ಹೆದ್ದಾರಿಯ ಪಕ್ಕದಲ್ಲೇ ಗುಡ್ಡದ ಬುಡದಲ್ಲಿ ಜೈನರ ಬಸದಿ. ಜೈನರಷ್ಟೇ ಬರುವುದಿಲ್ಲ, ಲಿಂಗಾಯತರು, ಮರಾಠರು, ನಮ್ಮ ಕಡೆಯ ಯಾರನ್ನು ಕೇಳಿದರೂ ಒಮ್ಮೆ ಅಲ್ಲಿ ಹರಕೆ ಹೊತ್ತಿರುತ್ತಾರೆ. ನನ್ನ ಹರಕೆಯೂ ಅವತ್ತು ಒಂದಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಹೊರಗೆ ಬಂದು ಪೇಡೆ ಕೊಟ್ಟೆ. ಮಾವನವರು ತೆಗೆದುಕೊಂಡರು. ತಾಯಿ ಮಾತ್ರ ಕೈ ಹಿಂದಕ್ಕೆಳೆದುಕೊಂಡು ಬೇಡಮ್ಮ ಅಂದರು.

ಚಿಕ್ಕೋಡಿಯ ನಮ್ಮ ಮನೆಯಲ್ಲಿ ಅವತ್ತು ಹೋಳಿಗೆ ಮಾಡಿದ್ದೆ. ಅದನ್ನೂ ಅವರು ಮುಟ್ಟಲಿಲ್ಲ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅನ್ನ ಉಂಡು ಎದ್ದರು. ನಾನು ಮಾವನವರನ್ನು ಪಕ್ಕಕ್ಕೆ ಕರೆದು, ಅಕ್ಕಾರಿಗೆ ಸಕ್ಕರೆ ಕಾಯಿಲೆಯೇ ಎಂದು ಕೇಳಿದೆ.

"ಇಲ್ಲಮ್ಮ, ಕಲ್ಲು ತಿಂದು ಅರಗಿಸ್ತಾಳೆ. ಒಪ್ಪಿಗೆ ಆಗೋವರೆಗೂ ಗಂಡಿನ ಕಡೆಯವರ ಸಿಹಿ ಬಾಯಿಗೆ ಹಾಕಬಾರದು ಅಂತ" ಎಂದರು ಮಾವನವರು. ಅವರ ಕೈಯಲ್ಲಿ ಹೋಳಿಗೆಯಿತ್ತು. ನಾನು ಅದನ್ನೇ ನೋಡಿದ್ದಕ್ಕೆ, "ಹೇಳಬೇಕಾದೋಳು ಅವಳು. ನನ್ನನ್ನು ಲೆಕ್ಕಕ್ಕೆ ಹಿಡೀಬೇಡಿ" ಎಂದು ಇನ್ನೊಂದು ಚೂರು ಮುರಿದರು.

ನಮ್ಮಲ್ಲೂ ಅದೇ ರೂಢಿ. ಮಾತು ಕೂಡಿದರೆ ಬಾಯಿ ಸಿಹಿ ಮಾಡುವುದು, ಕೂಡದಿದ್ದರೆ ನೀರು ಕುಡಿದು ಏಳುವುದು. ತಿಳಿದದ್ದೇ. ಆದರೆ ನಮ್ಮ ನಾಡಿನಲ್ಲಿ ಸಿಹಿ ಮುಟ್ಟದೆ ತಿರುಗಾಡುವುದು ಸಾಧ್ಯವೇ? ನನಗೆ ಹಟ ಹುಟ್ಟಿತು. ನಾಳೆ ನೋಡೋಣ, ಎಷ್ಟು ಹೊತ್ತು ತಡೆಯುತ್ತಾರೋ ಎಂದುಕೊಂಡೆ.

ಮರುದಿನ ಮೊದಲು ಕಬ್ಬೂರಿನ ಕಡೆ ಒಂದು ಗಾಣಕ್ಕೆ ಕರೆದೊಯ್ದೆ. ಗಾಣ ಅಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗ. ನೀವು ಅರಮನೆ ನೋಡದಿದ್ದರೂ ನಡೆದೀತು, ಇದನ್ನು ನೋಡದೆ ಹೋಗಬೇಡಿ. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ನೊರೆ ಏರುತ್ತದೆ, ಇಳಿಯುತ್ತದೆ, ನಿಂತವರ ಬಟ್ಟೆಯೆಲ್ಲ ಘಮ್ಮೆನ್ನುತ್ತದೆ. ಬಿಸಿ ಬೆಲ್ಲಕ್ಕೆ ಹುರಿದ ಶೇಂಗಾ ಹಾಕಿ ಎಲೆಯ ಮೇಲೆ ಕೊಡುತ್ತಾರೆ. ಮಾವನವರು ಬೆರಳು ಸುಟ್ಟುಕೊಂಡರೂ ಬಿಡಲಿಲ್ಲ. ಹುಡುಗಿಯ ತಾಯಿ ಕೊಪ್ಪರಿಗೆಯ ಮುಂದೆ ಬಹಳ ಹೊತ್ತು ನಿಂತರು, ಮೂಗರಳಿಸಿ ವಾಸನೆ ತೆಗೆದುಕೊಂಡರು. ಎಲೆ ಮುಂದೆ ಹಿಡಿದೆ. ಉಗುಳು ನುಂಗಿ, "ಬೇಡ ಕಣಮ್ಮ" ಅಂದರು.

ರಾಯಬಾಗದಲ್ಲಿ ಹಳೆಯ ಬಸದಿ ಮತ್ತು ಕಲ್ಲಿನ ಗುಡಿ ತೋರಿಸಿದೆ. ಚಿಂಚಲಿಯಲ್ಲಿ ಮಾಯಕ್ಕನ ದರ್ಶನ ಮಾಡಿಸಿದೆ. ಜಾತ್ರೆಯ ಗದ್ದಲವಿಲ್ಲದ ದಿನ ಅಲ್ಲಿಗೆ ಹೋಗಿ, ಹಾಯಾಗಿ ಕೂರಬಹುದು. ಕುರಿ ಕಾಯುವವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿರುತ್ತಾರೆ, ಅರ್ಧ ಜನ ಗಡಿಯ ಅತ್ತಲಿನವರು, ಅರ್ಧ ಇತ್ತಲಿನವರು, ಎಲ್ಲರ ಹಣೆಯ ಮೇಲೂ ಅದೇ ಹಳದಿ ಭಂಡಾರ. ನಮ್ಮ ಹಣೆಗೂ ಬಳಿದರು. ಕುಡಚಿಯ ದರ್ಗಾದ ಮುಂದೆ ಕಾರು ನಿಲ್ಲಿಸಿ ಸಕ್ಕರೆಗೆ ಫಾತಿಹಾ ಓದಿಸಿದೆವು. ಅದನ್ನೂ ತಾಯಿ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ದೇವರ ಸಕ್ಕರೆಯನ್ನೂ ಬಾಯಿಗೆ ಹಾಕದವರನ್ನು ನಾನು ಏನು ಮಾಡಲಿ?

ಸೇತುವೆ ದಾಟಿ ತವರಿಗೆ ಬಂದೆವು. ತಮ್ಮ ಹೊಸ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದ. ಮನೆ ತೋರಿಸಿದೆ, ದನ ಕಟ್ಟುವ ಗೋದಲಿ ತೋರಿಸಿದೆ, ದ್ರಾಕ್ಷಿ ತೋಟ ತೋರಿಸಿದೆ. ದ್ರಾಕ್ಷಿಯ ಗೊಂಚಲನ್ನು ತಾಯಿ ಅಂಗೈಯಲ್ಲಿ ಎತ್ತಿ ತೂಗಿ ನೋಡಿ ಬಿಟ್ಟುಬಿಟ್ಟರು. ಆದರೆ ಕೆಲಸ ಕೆಟ್ಟದ್ದು ಬೇರೆ ಕಡೆ. ಅವ್ವ ಮಾತೇ ಆಡಲಿಲ್ಲ. ನಿಜವಾಗಿಯೂ ಆಡಲಿಲ್ಲ. ನೀರು ಕೊಟ್ಟಳು, ಚಹಾ ಕೊಟ್ಟಳು, ನಕ್ಕಳು, ತಲೆಯಾಡಿಸಿದಳು. ಹುಡುಗಿಯ ತಾಯಿ "ನಿಮ್ಮ ಆರೋಗ್ಯ ಹೇಗಿದೆ" ಎಂದರೆ ಅವ್ವ ನನ್ನ ಮುಖ ನೋಡಿದಳು. "ಹೊಲಕ್ಕೆ ನೀವೂ ಹೋಗ್ತೀರಾ" ಎಂದರೆ ಸೆರಗು ಸರಿಮಾಡಿಕೊಂಡಳು. ನಾನು ಅಡುಗೆಮನೆಗೆ ಹೋಗಿ ಎರಡು ಮಾತಾದರೂ ಆಡು ಎಂದು ಬೇಡಿಕೊಂಡೆ.

"ಎರಡು ಆಡಾಕ ಹೋದ್ರ ಮೂರನೇದು ಬರತೈತಿ" ಎಂದು ಅವ್ವ ರೊಟ್ಟಿ ತಟ್ಟುತ್ತ ಕೂತಳು. ನನ್ನ ಮೇಲಿನ ಸಿಟ್ಟು ಆಕೆಯ ಅಂಗೈಯಲ್ಲಿ ಕೇಳಿಸುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಮಾವನವರು ಚಪ್ಪಲಿ ಬೇಕು ಎಂದು ಹಟ ಹಿಡಿದರು, ಅಥಣಿಗೆ ಹೋದೆವು. ಕೊಲ್ಲಾಪುರಿ ಎಂದು ನೀವು ಕೊಳ್ಳುವ ಚಪ್ಪಲಿಯನ್ನು ಹೊಲಿಯುವ ಕೈಗಳು ಅಥಣಿಯಲ್ಲೂ ಇವೆ ಎನ್ನುವುದನ್ನು ಮರೆಯಬೇಡಿ. ಅಂಗಡಿಗಿಂತ ಮನೆಯ ಕಟ್ಟೆಯ ಮೇಲೆ ಕೂತು ಹೊಲಿಯುವವರ ಹತ್ತಿರ ಹೋಗಿ, ಕಾಲು ಮುಂದಿಟ್ಟು ಅಳತೆ ಕೊಡಿ. ಮಾವನವರು ಹೊಸ ಚಪ್ಪಲಿಯಲ್ಲಿ ಕರ್ ಕರ್ ಎಂದು ಸದ್ದು ಮಾಡುತ್ತ ಬೀದಿಯ ಆ ತುದಿಗೂ ಈ ತುದಿಗೂ ನಡೆದರು. ಅವರೇನೋ ಮನಸ್ಸಿನಲ್ಲಿ ಮದುವೆ ಮಾಡಿ ಮುಗಿಸಿದ್ದರು. ಅವರ ಅಕ್ಕ ಕಾರಿನಲ್ಲಿ ಕೂತು ಮಗಳೊಂದಿಗೆ ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

"ಜಾಗ ಚೆನ್ನಾಗಿದೆ ಪುಟ್ಟಿ, ಜನಾನೂ ಒಳ್ಳೇವ್ರೇ. ಆದ್ರೆ ಆ ತಾಯಿ ಒಂದು ಮಾತೂ ಆಡಲ್ಲ. ನೀನು ಬರೋದು ಅವರಿಗಿಷ್ಟ ಇಲ್ಲ ಅನ್ಸತ್ತೆ. ಅಂಥ ಮನೇಲಿ ನೀನು ಹೇಗಿರ್ತೀಯ?"

ಸಂಜೆ ಮೀರಜಿನಿಂದ ಅವರಿಗೆ ರೈಲು. ಉಳಿದದ್ದು ಒಂದು ಮಧ್ಯಾಹ್ನ.

ಅವ್ವನನ್ನೂ ಕಾರಿಗೆ ಹತ್ತಿಸಿಕೊಂಡು ಜುಗೂಳದ ಹೊಳೆದಂಡೆಗೆ ಹೋದೆವು. ಕಾರಿನಲ್ಲಿ ಕೇಳಿದ್ದನ್ನು ತಮ್ಮನಿಗೆ ಹೇಳಿದೆ, ಅವನು ಬರಲಿಲ್ಲ, ತೋಟಕ್ಕೆ ನೀರು ಬಿಡಬೇಕು ಅಂದ, ಬಾಡಿದ ಮುಖ ಮುಚ್ಚಿಡಲು ಅವನಿಗೆ ಬೇರೆ ನೆಪ ಸಿಗಲಿಲ್ಲ. ಆಚೆ ದಂಡೆ ಖಿದ್ರಾಪುರ, ಮಹಾರಾಷ್ಟ್ರ. ಅಲ್ಲಿ ಕೋಪೇಶ್ವರನ ಹಳೆಯ ಕಲ್ಲಿನ ಗುಡಿಯಿದೆ. ಸುತ್ತಿಕೊಂಡು ರಸ್ತೆಯಲ್ಲೂ ಹೋಗಬಹುದು, ಆದರೆ ನನ್ನ ಮಾತು ಕೇಳಿ, ದೋಣಿಯಲ್ಲೇ ಹೋಗಿ. ನೀರು ಹಸಿರಾಗಿ ನಿಂತಿರುತ್ತದೆ, ಎರಡೂ ಕಡೆ ಅದೇ ಕಬ್ಬು, ಯಾವುದು ಯಾರ ರಾಜ್ಯ ಎಂದು ಗುರುತು ಹತ್ತುವುದಿಲ್ಲ.

ಅವ್ವ ದೋಣಿಯ ತುದಿಯಲ್ಲಿ ಸೆರಗಿನಲ್ಲಿ ಏನೋ ಗಂಟು ಹಿಡಿದು ಕೂತಿದ್ದಳು. ದೋಣಿ ನಡೆಸುವ ಮುದುಕ ಆಕೆಯ ತವರಿನ ಕಡೆಯವನು. ನನ್ನ ಕಟ್ಟಳೆ ಅವನಿಗೇನು ಗೊತ್ತು. ಅವ್ವನನ್ನು ನೋಡಿದ್ದೇ, "ಕಾಯ್ ಗ ಅಕ್ಕಾ, ಮಾಹೇರಲಾ ನಿಘಾಲೀಸ ಕಾ?" ಎಂದು ಕೇಳಿದ. ತವರಿಗೆ ಹೊರಟೆಯೇನಕ್ಕಾ ಎಂದು.

ಅವ್ವ ನನ್ನ ಕಡೆ ನೋಡಿದಳು. ನಾನು ನೀರಿನ ಕಡೆ ನೋಡಿದೆ. ಆಮೇಲೆ ಆಕೆಯ ಬಾಯಿಂದ ಮರಾಠಿ ಹೊರಟಿತು ನೋಡಿ, ಕಟ್ಟೆ ಒಡೆದ ಕಾಲುವೆಯ ಹಾಗೆ. ಅವನ ಮನೆಯವರ ಯೋಗಕ್ಷೇಮ, ಎತ್ತು, ಮೊಮ್ಮಕ್ಕಳು, ಮಗಳು ಬಾಯಿ ಕಟ್ಟಿದ್ದು, ಎಲ್ಲ. ಆಚೆ ದಂಡೆ ಮುಟ್ಟುವತನಕ ನಿಲ್ಲಿಸಲಿಲ್ಲ. ಹುಡುಗಿಯ ತಾಯಿ ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದರು.

"ಇವರು ಮಾತಾಡ್ತಾರಾ?" ಎಂದು ನನ್ನನ್ನು ಕೇಳಿದರು.

ಉತ್ತರ ಕೊಟ್ಟವಳು ಅವ್ವ, ಕನ್ನಡದಲ್ಲಿ. "ಆಡತೀನ್ರಿ. ಈಕಿನ ಬ್ಯಾಡ ಅಂದಿದ್ಲು. ನನ್ನ ಮರಾಠಿ ಕೇಳಿದ್ರ ನೀವು ಹುಡುಗಿ ಕೊಡೂದಿಲ್ಲಂತ."

ನನಗೆ ಹೊಳೆಗೆ ಹಾರಿಬಿಡಬೇಕು ಅನ್ನಿಸಿತು. ಮಾವನವರು ನಗು ತಡೆಯಲಾರದೆ ಚಪ್ಪಲಿ ನೋಡಿಕೊಳ್ಳುವವರಂತೆ ಬಗ್ಗಿದರು.

ಗುಡಿಯ ಮುಂದೆ ಒಂದು ಮಂಟಪವಿದೆ. ಸುತ್ತ ಕಂಬಗಳು, ನಡುವೆ ಮೇಲೆ ಚಾವಣಿಯಿಲ್ಲ, ದುಂಡಗಿನ ಆಕಾಶ. ಗೋಡೆಯ ಬುಡದಲ್ಲಿ ಆನೆಗಳ ಸಾಲು. ಕಲ್ಲಿನ ಮೇಲೆ ಹಳಗನ್ನಡದ ಶಾಸನಗಳೂ ಇವೆ. ಇನ್ನೊಂದು ತಮಾಷೆ, ಈ ಶಿವನ ಮುಂದೆ ಬಸವಣ್ಣನಿಲ್ಲ. ಅವನು ಗಡಿಯ ಈಚೆ, ನಮ್ಮ ಯಡೂರಿನಲ್ಲಿದ್ದಾನೆ ಎಂದು ಹಿರಿಯರು ಹೇಳುತ್ತಾರೆ. ಇದನ್ನೆಲ್ಲ ವಿವರಿಸಲು ನಾನು ಮೂರು ದಿನದಿಂದ ಕಾಯುತ್ತಿದ್ದೆ. ಆದರೆ ಹುಡುಗಿಯ ತಾಯಿ ಆನೆಗಳನ್ನೂ ನೋಡಲಿಲ್ಲ, ಆಕಾಶವನ್ನೂ ನೋಡಲಿಲ್ಲ. ಅವ್ವನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು, "ಹಾಗಾದ್ರೆ ನೀವು ಬಂದಾಗ ನಿಮಗೆ ಕನ್ನಡ ಬರ್ತಿತ್ತಾ?" ಎಂದು ಕೇಳಿದರು.

"ಒಂದ ಶಬ್ದ ಬರತಿದ್ದಿಲ್ಲರಿ" ಅಂದಳು ಅವ್ವ. "ಇದ ಹೊಳಿ ದಾಟಿ ಬಂದೆ. ನಮ್ಮಪ್ಪ ನನ್ನ ಜೋಡಿ ಒಂದು ಎಮ್ಮಿ ಕಳಿಸಿದ್ದ. ನಾ ದೋಣ್ಯಾಗ, ಎಮ್ಮಿ ಹಿಂದ ಈಸಕೋತ. ಬಂದ್ರ, ಅತ್ತಿಗೆ ಮರಾಠಿ ಬರೂದಿಲ್ಲ, ನನಗ ಕನ್ನಡ ಬರೂದಿಲ್ಲ. ಇಬ್ಬರೂ ಒಲಿ ಮುಂದ ಮಾರಿ ಮಾರಿ ನೋಡ್ಕೋತ ಕುಂದ್ರೂದು. ನಾ ಗೋದಲಿಗೆ ಹೋಗಿ ಎಮ್ಮಿ ಜೋಡಿ ಮಾತಾಡಿ ಅತ್ತು ಬರೂದು."

"ಆಮೇಲೆ?"

"ನನಗ ಜ್ವರ ಬಂತು. ಅತ್ತಿ ಹಿಂಡಾಕ ಹೋದ್ರ ಎಮ್ಮಿ ಒದ್ದ ಬಿಡ್ತು. ಹಾಲ ಕೊಡವಲ್ದು. ಅತ್ತಿ ನನ್ನ ಹಾಸಿಗಿ ಹತ್ರ ಬಂದು, ನೀ ಅದಕ್ಕ ಏನಂತಿ ಅಂತ ಕೈ ಮಾಡಿ ಕೇಳಿದ್ಲು. ‘ಯೇ ಗ ಬಾಯೀ, ಥಾಂಬ ಗ ಬಾಯೀ’ ಅಂತ ಹೇಳಿದೆ. ಬಾರವ್ವಾ, ನಿಂದ್ರವ್ವಾ ಅಂತ ಅಷ್ಟರೀ. ಅದನ್ನ ಬಾಯಾಗ ಅನಕೋತ ಅನಕೋತ ಹೋದ್ಲು. ಎಮ್ಮಿ ನಿಂತಿತು. ಹಾಲಿನ ಚರಗಿ ತಂದು ನನ್ನ ಮುಂದ ಇಟ್ಟು, ಇದಕ್ಕ ಏನಂತಿ ಅಂದ್ಲು. ಆಕಿ ಹಾಲು ಅಂದ್ಲು, ನಾ ದೂಧ ಅಂದೆ. ಅವತ್ತಿಂದ ದಿನಾ ಒಂದೊಂದು ಎತ್ತಿ ತೋರಿಸೂದು, ಆಕಿ ಒಂದು ಹೇಳೂದು, ನಾ ಒಂದು ಹೇಳೂದು. ನಮ್ಮತ್ತಿ ಸಾಯೂತನಕ ಆಕಳ ಜೋಡಿ ಕನ್ನಡ, ಎಮ್ಮಿ ಜೋಡಿ ಮರಾಠಿ ಮಾತಾಡಿದ್ಲರಿ."

ಈ ಕತೆ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮ್ಮ ಮನೆಯಲ್ಲಿ ಇಂದಿಗೂ ಉಪ್ಪಿಗೆ ಉಪ್ಪು ಅನ್ನುತ್ತೇವೆ, ಬೆಲ್ಲಕ್ಕೆ ಮಾತ್ರ ಮರಾಠಿ ಹೆಸರು. ಬೇರೆಯವರ ಮನೆಯಲ್ಲಿ ಹಾಗಿಲ್ಲ ಎನ್ನುವುದು ಶಾಲೆಗೆ ಹೋದ ಮೇಲೆ ನನಗೆ ತಿಳಿದದ್ದು. ಆದರೆ ಊರು ತೋರಿಸಲು ಹೊರಟವಳಿಗೆ ಇದು ತೋರಿಸುವ ಸಂಗತಿ ಎಂದು ಹೊಳೆದೇ ಇರಲಿಲ್ಲ.

ಹುಡುಗಿಯ ತಾಯಿ ಕಣ್ಣೊರೆಸಿಕೊಂಡರು. "ನನ್ನ ಮಗಳ ಜೊತೆ ಕಳಿಸೋದಕ್ಕೆ ನಮ್ಮ ಮನೇಲಿ ಎಮ್ಮೆ ಇಲ್ಲವಲ್ಲಮ್ಮ" ಅಂದರು. ನಗುತ್ತಲೇ ಅಂದರು.

"ಏನೂ ಕಳಸಬ್ಯಾಡ್ರಿ" ಅಂದಳು ಅವ್ವ. "ನಮ್ಮತ್ತಿ ಎಮ್ಮಿ ಸಲುವಾಗಿ ಕಲತ್ಲು. ನಾ ಹುಡುಗಿ ಸಲುವಾಗಿ ಕಲೀತೀನಿ. ನಿಮ್ಮ ಮಾತು ನನಗ ಒಂಚೂರು ಅವಸರ ಅನಸ್ತೈತಿ, ಆದ್ರ ಕಲೀತೀನಿ."

ಹಾಗೆ ಹೇಳಿ ಸೆರಗಿನ ಗಂಟು ಬಿಚ್ಚಿದಳು. ದೇವರಿಗೆಂದು ತಂದ ಬೆಲ್ಲ ಮತ್ತು ಶೇಂಗಾ. ಮಾವನವರು ಕೈ ಚಾಚಿದರು, ಅವರ ಅಕ್ಕ ಆ ಕೈಯನ್ನು ಪಕ್ಕಕ್ಕೆ ತಳ್ಳಿದರು. ಬೆಲ್ಲದ ಒಂದು ತುಂಡನ್ನು ತಾವೇ ಎತ್ತಿಕೊಂಡು ಬೆರಳುಗಳ ನಡುವೆ ಹಿಡಿದು ಅವ್ವನಿಗೆ ತೋರಿಸಿದರು.

"ಇದಕ್ಕೆ ನಿಮ್ಮನೇಲಿ ಏನಂತೀರಾ?"

"ಗೂಳ ಅಂತೀವ್ರಿ."

"ಗೂಳ" ಎಂದು ನಿಧಾನವಾಗಿ ಹೇಳಿಕೊಂಡು, ಹುಡುಗಿಯ ತಾಯಿ ಅದನ್ನು ಬಾಯಿಗೆ ಹಾಕಿಕೊಂಡರು.